ಗ್ಯಾಲಕ್ಸಿಯ ಆ ಗುಲಾಬಿ ಬಣ್ಣ ನಿಜದ್ದಾ? ಒಂದು ಕೆಂಪು ಗೆರೆ ಹೇಳುವ ಕತೆ

2025ರ ಜೂನ್ ತಿಂಗಳ ಕೊನೆ. ನಮ್ಮ ಉಡುಪಿ ಕಡೆ ಮಳೆಗಾಲದಲ್ಲಿ ರಾತ್ರಿ ತಲೆ ಎತ್ತಿದರೆ ಒಂದು ನಕ್ಷತ್ರ ಕಾಣುವುದೂ ಕಷ್ಟ. ಆದರೆ ಎಲ್ಲರ ಮೊಬೈಲಿಗೂ ಆಕಾಶ ಬಂದು ಬಿದ್ದಿತ್ತು. ಚಿಲಿ ದೇಶದ ಸೆರೋ ಪಚೋನ್ ಬೆಟ್ಟದ ಮೇಲಿರುವ ವೆರಾ ರೂಬಿನ್ ವೀಕ್ಷಣಾಲಯ ಜೂನ್ 23ರಂದು ತನ್ನ ಮೊದಲ ಚಿತ್ರಗಳನ್ನು ಹೊರಗೆ ಬಿಟ್ಟಿತ್ತು. ಒಂದರಲ್ಲಿ ಕನ್ಯಾ ರಾಶಿಯ ದಿಕ್ಕಿನ ಗ್ಯಾಲಕ್ಸಿಗಳ ಗುಂಪು. ಗ್ಯಾಲಕ್ಸಿ ಅಂದರೆ ಕೋಟ್ಯಂತರ ನಕ್ಷತ್ರಗಳು, ಅನಿಲ, ದೂಳು ಒಟ್ಟಾಗಿರುವ ದೊಡ್ಡ ಸಂಸಾರ. ಇನ್ನೊಂದರಲ್ಲಿ ಟ್ರಿಫಿಡ್ ಮತ್ತು ಲಗೂನ್ ಎಂಬ ಎರಡು ನೀಹಾರಿಕೆಗಳು, ಅಂದರೆ ನಮ್ಮದೇ ಗ್ಯಾಲಕ್ಸಿಯೊಳಗಿನ ಅನಿಲ ಮತ್ತು ದೂಳಿನ ಮೋಡಗಳು. ಏಳು ಗಂಟೆಗಿಂತ ಸ್ವಲ್ಪ ಜಾಸ್ತಿ ಹೊತ್ತಿನಲ್ಲಿ ತೆಗೆದ 678 ಫೋಟೋಗಳನ್ನು ಜೋಡಿಸಿ ಮಾಡಿದ ಚಿತ್ರ ಅದು. ತುಂಬಾ ಗುಲಾಬಿ ಬಣ್ಣ ಚೆಲ್ಲಿದ ಹಾಗಿತ್ತು.

ಪಕ್ಕದ ಮನೆಯ ಅಕ್ಕ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂತಿದ್ದವರು ಮೊಬೈಲನ್ನು ನನ್ನ ಕಡೆ ತಿರುಗಿಸಿದರು. "ಮಾಷ್ಟ್ರೇ, ಈ ಪಿಂಕ್ ಬಣ್ಣ ನಿಜದ್ದಾ, ಅಲ್ಲ ಕಂಪ್ಯೂಟರಿನಲ್ಲಿ ಹಾಕಿದ್ದಾ?" ಅವರ ಮಗ ಪಿಯುಸಿ ಹುಡುಗ. ಅವನು ಬೇರೆ ಎಲ್ಲಿಂದಲೋ ಸಿಕ್ಕಿದ ಇನ್ನೊಂದು ಚಿತ್ರ ತೋರಿಸಿದ. ಅದರಲ್ಲಿ ಒಂದು ಗ್ಯಾಲಕ್ಸಿಯ ಅರ್ಧ ಕೆಂಪು, ಇನ್ನರ್ಧ ನೀಲಿ. "ಇದು ಬಿಸಿ, ಇದು ತಣ್ಣಗೆ ಅಂತವಾ ಸರ್?"

ಎರಡೂ ಒಳ್ಳೆಯ ಪ್ರಶ್ನೆಗಳು. ಎರಡಕ್ಕೂ ಉತ್ತರ ಸಿಗುವುದು ಒಂದೇ ಜಾಗದಲ್ಲಿ, ಹೈಡ್ರೋಜನ್ ಅನಿಲ ಕೊಡುವ ಒಂದು ಕೆಂಪು ಗೆರೆಯಲ್ಲಿ. ಆ ಗೆರೆ ಎಷ್ಟು ಪ್ರಖರ, ಎಷ್ಟು ಸರಿದಿದೆ, ಎಷ್ಟು ದಪ್ಪ ಎಂಬ ಮೂರು ಸಂಗತಿ ಗೊತ್ತಾದರೆ ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯಲ್ಲಿ ನಕ್ಷತ್ರ ಹುಟ್ಟುತ್ತಿದೆಯಾ, ಅಲ್ಲಿನ ಅನಿಲ ಯಾವ ಕಡೆ ಓಡುತ್ತಿದೆ, ಎಷ್ಟು ಕಲಕಿಹೋಗಿದೆ ಎಂದೆಲ್ಲ ಇಲ್ಲಿ ಕೂತೇ ಹೇಳಬಹುದು. ಜ್ಯೋತಿರ್ವರ್ಷ ಅಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ, ಸುಮಾರು 9.5 ಲಕ್ಷ ಕೋಟಿ ಕಿ.ಮೀ.

ಮೊದಲು ಒಲೆಯ ಹತ್ತಿರ ಬನ್ನಿ

ಗ್ಯಾಸ್ ಒಲೆಯ ಬೆಂಕಿ ನೀಲಿ ಇರುತ್ತದೆ. ಉಪ್ಪು ಹಾಕಿದ ಗಂಜಿ ಉಕ್ಕಿ ಬರ್ನರಿನ ಮೇಲೆ ಚೆಲ್ಲಿದಾಗ ನೋಡಿದ್ದೀರಾ? ಕೂಡಲೇ ಬೆಂಕಿ ಹಳದಿಯಾಗುತ್ತದೆ. ಗಂಜಿ ಒರೆಸುವ ಗಡಿಬಿಡಿಯಲ್ಲಿ ನಾವು ಅದನ್ನು ಗಮನಿಸುವುದಿಲ್ಲ. ಆ ಹಳದಿ ಬರುವುದು ಉಪ್ಪಿನಲ್ಲಿರುವ ಸೋಡಿಯಂನಿಂದ. ಮಲ್ಪೆಯ ಉಪ್ಪಾದರೂ ಅದೇ ಹಳದಿ, ಸೂರ್ಯನಲ್ಲಿರುವ ಸೋಡಿಯಂ ಆದರೂ ಅದೇ ಹಳದಿ.

ಅದೇ ಹಳದಿ ಅಂದರೆ ಎಷ್ಟು ನಿಖರವಾಗಿ? ಬೆಳಕು ಒಂದು ಅಲೆ. ಒಂದು ಅಲೆಯ ತುದಿಯಿಂದ ಮುಂದಿನ ಅಲೆಯ ತುದಿಗೆ ಇರುವ ದೂರವೇ ಅಲೆಯುದ್ದ. ಬಣ್ಣ ತೀರ್ಮಾನವಾಗುವುದು ಅದರಿಂದ. ಇದನ್ನು ಅಳೆಯುವುದು ನ್ಯಾನೋಮೀಟರಿನಲ್ಲಿ, ಅಂದರೆ ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ನೇರಳೆ ಬೆಳಕು 400ರ ಆಸುಪಾಸು, ಕಡು ಕೆಂಪು 700ರ ಹತ್ತಿರ. ಸೋಡಿಯಂನ ಹಳದಿ 589.0 ಮತ್ತು 589.6. ಒಂದಕ್ಕೊಂದು ಅಂಟಿಕೊಂಡ ಹಾಗಿರುವ ಎರಡು ಗೆರೆ, ಅಷ್ಟೇ. ಅದರ ಆಚೀಚೆ ಇಲ್ಲ.

ಯಾಕೆ ಹೀಗೆ? ಪರಮಾಣುವಿನ ಒಳಗೆ ಇಲೆಕ್ಟ್ರಾನುಗಳು ಸಿಕ್ಕಲ್ಲಿ ನಿಲ್ಲುವ ಹಾಗಿಲ್ಲ. ದೇವಸ್ಥಾನದ ಕೆರೆಯ ಮೆಟ್ಟಿಲಿನ ಹಾಗೆ ನಿಗದಿಯಾದ ಹಂತಗಳಿವೆ. ಮೇಲಿನ ಮೆಟ್ಟಿಲಿನಿಂದ ಕೆಳಗಿನದಕ್ಕೆ ಇಳಿದಾಗ ಆ ಎತ್ತರಕ್ಕೆ ತಕ್ಕ ಶಕ್ತಿ ಬೆಳಕಾಗಿ ಹೊರಗೆ ಬರುತ್ತದೆ. ಮೆಟ್ಟಿಲಿನ ಎತ್ತರ ನಿಗದಿ, ಹಾಗಾಗಿ ಬಣ್ಣವೂ ನಿಗದಿ. ಒಂದೊಂದು ಧಾತುವಿಗೂ ಅದರದ್ದೇ ಮೆಟ್ಟಿಲು, ಅದರದ್ದೇ ಬಣ್ಣದ ಗೆರೆಗಳು. ಹೆಬ್ಬೆಟ್ಟಿನ ಗುರುತಿನ ಹಾಗೆ.

ಬೆಳಕನ್ನು ಹೀಗೆ ಬಣ್ಣಬಣ್ಣವಾಗಿ ಬಿಡಿಸಿ ಹರಡಿದಾಗ ಸಿಗುವ ಪಟ್ಟಿಗೆ ರೋಹಿತ ಎನ್ನುತ್ತಾರೆ. ಇಂಗ್ಲಿಷ್ ಹೆಸರು ಸ್ಪೆಕ್ಟ್ರಮ್. ಅದನ್ನು ಓದುವ ವಿದ್ಯೆ ಸ್ಪೆಕ್ಟ್ರೋಸ್ಕೋಪಿ. ಇದನ್ನು ಮನೆಯಲ್ಲೇ ನೋಡಬಹುದು. ಈಗ ಹಕ್ಕಿ ಓಡಿಸಲು ತೋಟದಲ್ಲಿ ನೇತುಹಾಕುತ್ತಾರಲ್ಲ ಹಳೆಯ ಸಿಡಿ, ಅಂಥದ್ದೊಂದನ್ನು ತಗೊಳ್ಳಿ. ಅದರಲ್ಲಿ ಒಂದು ಮಿಲಿಮೀಟರಿಗೆ 600ಕ್ಕೂ ಜಾಸ್ತಿ ಸುರುಳಿ ಗೆರೆಗಳಿವೆ, ಅವೇ ಬೆಳಕನ್ನು ಬಿಡಿಸುತ್ತವೆ. ರಾತ್ರಿ ಬೇರೆ ದೀಪ ಆರಿಸಿ ಹಳೆಯ ಮಾದರಿಯ ಟ್ಯೂಬ್‌ಲೈಟ್ ಬೆಳಕಿನಲ್ಲಿ ಸಿಡಿಯನ್ನು ನಿಧಾನಕ್ಕೆ ವಾಲಿಸಿ. ಹಸಿರು ಮತ್ತು ನೀಲಿ ನೇರಳೆ ಬೇರೆ ಬೇರೆ ತುಂಡಾಗಿ ಎದ್ದು ಕಾಣುತ್ತವೆ. ಅದು ಟ್ಯೂಬಿನೊಳಗಿನ ಪಾದರಸದ ಗುರುತು. ಅದೇ ಸಿಡಿಯನ್ನು ಎಲ್‌ಇಡಿ ಬಲ್ಬಿನ ಕೆಳಗೆ ಹಿಡಿದರೆ ಬಣ್ಣಗಳು ಕಡಿಯದೆ ಒಂದರೊಳಗೊಂದು ಸೇರಿಕೊಂಡು ಹೋಗುತ್ತವೆ. ಅಕ್ಕನ ಮನೆಯಲ್ಲಿ ಎರಡೂ ಥರದ ದೀಪ ಇತ್ತು. ಹುಡುಗ ಸಿಡಿ ಹಿಡಿದುಕೊಂಡು ಜಗಲಿಗೂ ಅಡುಗೆಮನೆಗೂ ನಾಲ್ಕು ಸಲ ಓಡಿದ. ದೊಡ್ಡ ದೂರದರ್ಶಕಗಳ ಹಿಂದೆ ಕೂರಿಸುವ ಉಪಕರಣವೂ ಮೂಲತಃ ಇದೇ ಕೆಲಸವನ್ನು ಬಹಳ ಸೂಕ್ಷ್ಮವಾಗಿ ಮಾಡುತ್ತದೆ.

ಗೆರೆ ನೋಡಿ ಧಾತು ಹೇಳುವ ಈ ವಿದ್ಯೆಯನ್ನು ಗಟ್ಟಿ ಮಾಡಿದವರು ಜರ್ಮನಿಯ ಹೈಡೆಲ್‌ಬರ್ಗಿನ ಕಿರ್ಕಾಫ್ ಮತ್ತು ಬುನ್ಸೆನ್, 1859-60ರ ಸುಮಾರಿಗೆ. ಅದರ ಬೆನ್ನಿಗೇ ನಮ್ಮ ದೇಶದಲ್ಲೊಂದು ದೊಡ್ಡ ಘಟನೆ ನಡೆಯಿತು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಿಂದ ನೋಡಿದ ಫ್ರಾನ್ಸಿನ ಜಾನ್ಸೆನ್ ಸೂರ್ಯನ ಅಂಚಿನ ಜ್ವಾಲೆಗಳ ರೋಹಿತ ನೋಡಿದರು. ಅದರಲ್ಲಿದ್ದ ಒಂದು ಹಳದಿ ಗೆರೆ ಸೋಡಿಯಂನದ್ದಲ್ಲ, ಭೂಮಿಯ ಮೇಲೆ ಗೊತ್ತಿದ್ದ ಯಾವುದರದ್ದೂ ಅಲ್ಲ ಎಂದು ಮುಂದೆ ಗೊತ್ತಾಯಿತು. ಹೀಲಿಯಂ ಸಿಕ್ಕಿದ್ದು ಹಾಗೆ, ಭೂಮಿಗಿಂತ ಮೊದಲು ಸೂರ್ಯನಲ್ಲಿ.

ಹಾಗಾದರೆ ಆ ಗುಲಾಬಿ

ಗ್ಯಾಲಕ್ಸಿಗಳಲ್ಲಿರುವ ಅನಿಲದಲ್ಲಿ ಮುಕ್ಕಾಲು ಪಾಲು ಹೈಡ್ರೋಜನ್. ಸುಮ್ನೆ ಬಿದ್ದಿರುವ ಹೈಡ್ರೋಜನ್ ಕಣ್ಣಿಗೆ ಕಾಣುವ ಬೆಳಕು ಕೊಡುವುದಿಲ್ಲ. ಅದನ್ನು ಯಾರಾದರೂ ಎಬ್ಬಿಸಬೇಕು.

ಎಬ್ಬಿಸುವುದು ಹೊಸದಾಗಿ ಹುಟ್ಟಿದ ದೊಡ್ಡ ನಕ್ಷತ್ರಗಳು. ಸೂರ್ಯನಿಗಿಂತ ಹತ್ತಿಪ್ಪತ್ತು ಪಟ್ಟು ಭಾರದ ಈ ನಕ್ಷತ್ರಗಳು ಭಯಂಕರ ಬಿಸಿ. ಅವು ಅತಿನೇರಳೆ ಕಿರಣಗಳನ್ನು ಸುರಿಸುತ್ತವೆ. 91.2 ನ್ಯಾನೋಮೀಟರಿಗಿಂತ ಗಿಡ್ಡ ಅಲೆಯ ಕಿರಣ ಹೈಡ್ರೋಜನ್ ಪರಮಾಣುವಿಗೆ ಬಡಿದರೆ ಅದರ ಇಲೆಕ್ಟ್ರಾನ್ ಕಿತ್ತು ಹೊರಗೆ ಬೀಳುತ್ತದೆ. ಸುತ್ತಲಿನ ಅನಿಲ 10,000 ಡಿಗ್ರಿಯಷ್ಟು ಕಾಯುತ್ತದೆ. ಕಿತ್ತುಹೋದ ಇಲೆಕ್ಟ್ರಾನ್ ಅಲೆದಾಡಿ ಮತ್ತೆ ಯಾವುದೋ ಪರಮಾಣುವಿನ ಮೇಲಿನ ಮೆಟ್ಟಿಲಿಗೆ ಬಂದು ಕೂತು, ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಮೂರನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಇಳಿಯುವಾಗ ಬರುವ ಬೆಳಕಿನ ಅಲೆಯುದ್ದ 656.28 ನ್ಯಾನೋಮೀಟರ್. ಒಳ್ಳೆಯ ಕೆಂಪು. ವಿಜ್ಞಾನಿಗಳು ಇದನ್ನು ಎಚ್-ಆಲ್ಫಾ ಎಂದು ಕರೆಯುತ್ತಾರೆ. ನಾನು ಇನ್ನು ಮುಂದೆ ಕೆಂಪು ಗೆರೆ ಅಂದರೆ ಇದೇ.

ನಾಲ್ಕರಿಂದ ಎರಡಕ್ಕೆ ಇಳಿದರೆ 486.1, ಅದು ಹಸಿರು ಮಿಶ್ರಿತ ನೀಲಿ. ಕೆಂಪಿನ ಜತೆ ಈ ನೀಲಿ ಸ್ವಲ್ಪ ಬೆರೆತಾಗ ಗುಲಾಬಿ ಆಗುತ್ತದೆ.

ಹಾಗಾಗಿ ಅಕ್ಕನ ಪ್ರಶ್ನೆಗೆ ಉತ್ತರ: ಬಣ್ಣ ನಿಜದ್ದೇ. ಕ್ಯಾಮೆರಾ ಬೇರೆ ಬೇರೆ ಫಿಲ್ಟರ್ ಹಾಕಿ ತೆಗೆದದ್ದನ್ನು ಕಂಪ್ಯೂಟರಿನಲ್ಲಿ ಸೇರಿಸಿ ಚಿತ್ರ ಮಾಡುತ್ತಾರೆ ಎಂಬುದು ಹೌದು, ಬಣ್ಣದ ಹದವನ್ನು ಅಲ್ಲೇ ಕೂರಿಸುತ್ತಾರೆ ಎಂಬುದೂ ಹೌದು. ಆದರೆ ಆ ಗುಲಾಬಿಯ ಬೇರು ಇರುವುದು ಹೈಡ್ರೋಜನ್‌ನ ನಿಜವಾದ ಬೆಳಕಿನಲ್ಲಿ. ನಮ್ಮ ಕಣ್ಣು ಮಂದ ಬೆಳಕಿನಲ್ಲಿ ಕೆಂಪನ್ನು ಹಿಡಿಯುವುದಿಲ್ಲ, ಅಷ್ಟೇ ವ್ಯತ್ಯಾಸ.

ಮಲ್ಲಿಗೆ ಲೆಕ್ಕ

ಇದನ್ನು ಹೇಳುವಾಗ ಅಕ್ಕನ ಕೈಯಲ್ಲಿ ಬಾಳೆನಾರು, ಮಡಿಲಲ್ಲಿ ಮೊಗ್ಗಿನ ರಾಶಿ. ಶಂಕರಪುರ ಕಡೆಯ ಮಲ್ಲಿಗೆಯ ಸ್ವಭಾವ ನಮಗೆಲ್ಲ ಗೊತ್ತಲ್ಲ. ಬೆಳಿಗ್ಗೆ ಕೊಯ್ದ ಮೊಗ್ಗು ಸಂಜೆಗೆ ಅರಳುತ್ತದೆ, ಮರುದಿನಕ್ಕೆ ಬಾಡುತ್ತದೆ. ಹಾಗಾಗಿ ಯಾರ ಮನೆಯ ಒಳಗೋ ತಾಜಾ ಮಲ್ಲಿಗೆಯ ಪರಿಮಳ ಬಂದರೆ ಒಂದು ಮಾತು ಖಂಡಿತ: ಹೂ ಕೊಯ್ದದ್ದು ಇವತ್ತೇ. ಹೋದ ವಾರದ್ದಲ್ಲ.

ಕೆಂಪು ಗೆರೆ ನಕ್ಷತ್ರಗಳ ಬಗ್ಗೆ ಹೇಳುವುದೂ ಇಷ್ಟೇ ಖಚಿತವಾಗಿ. ಸೂರ್ಯನಂಥ ನಕ್ಷತ್ರದ ಆಯಸ್ಸು ಸುಮಾರು 1,000 ಕೋಟಿ ವರ್ಷ. ಆದರೆ ಅನಿಲವನ್ನು ಎಬ್ಬಿಸುವ ಆ ದೊಡ್ಡ ನಕ್ಷತ್ರಗಳು ತಮ್ಮ ಇಂಧನವನ್ನು ದುಂದು ಮಾಡಿ ಕೆಲವೇ ದಶಲಕ್ಷ ವರ್ಷಗಳಲ್ಲಿ ಸತ್ತುಹೋಗುತ್ತವೆ. ಅವು ಸತ್ತರೆ ಕೆಂಪು ಗೆರೆಯೂ ಮಾಸುತ್ತದೆ. ಹಾಗಾಗಿ ಒಂದು ಗ್ಯಾಲಕ್ಸಿಯ ಯಾವುದೋ ಮೂಲೆಯಲ್ಲಿ ಈ ಗೆರೆ ಹೊಳೆಯುತ್ತಿದೆ ಎಂದರೆ ಅಲ್ಲಿ ಕಳೆದ ಒಂದು ಕೋಟಿ ವರ್ಷದೊಳಗೆ ನಕ್ಷತ್ರಗಳು ಹುಟ್ಟಿವೆ. ಗ್ಯಾಲಕ್ಸಿಯ ಲೆಕ್ಕದಲ್ಲಿ ಒಂದು ಕೋಟಿ ವರ್ಷ ಅಂದರೆ ಇವತ್ತು ಬೆಳಿಗ್ಗೆ.

ಇಲ್ಲಿಂದ ಮುಂದಿನ ಲೆಕ್ಕ ಹೀಗೆ. ಗೆರೆ ಎಷ್ಟು ಪ್ರಖರ ಎಂದು ಅಳೆಯುತ್ತಾರೆ. ಅದರಿಂದ ಎಷ್ಟು ಅತಿನೇರಳೆ ಬೆಳಕು ಬೇಕಾಯಿತು ಎಂದು ಗೊತ್ತಾಗುತ್ತದೆ. ಅದರಿಂದ ಎಷ್ಟು ದೊಡ್ಡ ನಕ್ಷತ್ರಗಳಿವೆ ಎಂದು ತಿಳಿಯುತ್ತದೆ. ಒಂದು ದೊಡ್ಡ ನಕ್ಷತ್ರ ಹುಟ್ಟುವಾಗ ಅದರ ಜತೆ ಸಣ್ಣವು ಎಷ್ಟು ಹುಟ್ಟುತ್ತವೆ ಎಂಬ ಅಂದಾಜಿನ ಪ್ರಮಾಣ 1955ರಿಂದ ಬಳಕೆಯಲ್ಲಿದೆ, ಮುಂದೆ ಅದನ್ನು ತಿದ್ದುತ್ತಾ ಬಂದಿದ್ದಾರೆ. ಅದನ್ನು ಹಾಕಿ ಗುಣಿಸಿದರೆ ಆ ಗ್ಯಾಲಕ್ಸಿಯಲ್ಲಿ ವರ್ಷಕ್ಕೆ ಎಷ್ಟು ಅನಿಲ ನಕ್ಷತ್ರವಾಗುತ್ತಿದೆ ಎಂದು ಸಿಗುತ್ತದೆ. ಈ ಅಂದಾಜಿನ ಪ್ರಮಾಣವೇ ಇಡೀ ಲೆಕ್ಕದ ಸೂಕ್ಷ್ಮ ಜಾಗ. ಅದು ಎಲ್ಲ ಗ್ಯಾಲಕ್ಸಿಗೂ ಒಂದೇನಾ ಎಂಬ ಚರ್ಚೆ ಈಗಲೂ ನಡೆಯುತ್ತಿದೆ, ಹಾಗಾಗಿ ಇಂಥ ಸಂಖ್ಯೆಗಳನ್ನು ಓದುವಾಗ ಸ್ವಲ್ಪ ಆಚೀಚೆ ಇದ್ದೀತು ಎಂದು ಇಟ್ಟುಕೊಳ್ಳಬೇಕು.

ನಮ್ಮದೇ ಆಕಾಶಗಂಗೆಯಲ್ಲಿ ಬೇರೆ ಬೇರೆ ವಿಧಾನಗಳಿಂದ ಲೆಕ್ಕ ಹಾಕಿದಾಗ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ಅನಿಲ ಹೊಸ ನಕ್ಷತ್ರವಾಗುತ್ತದೆ. ಇಷ್ಟೇನಾ ಅನ್ನಿಸಬಹುದು. ಹೌದು, ಇಷ್ಟೇ.

ಇನ್ನೊಂದು ತೊಡಕು ದೂಳು. ಮಲ್ಪೆಯಲ್ಲಿ ಸಂಜೆ ಸೂರ್ಯ ಕಡಲಿಗೆ ಇಳಿಯುವಾಗ ಕೆಂಪಾಗುತ್ತಾನೆ, ಯಾಕೆಂದರೆ ದಪ್ಪ ಗಾಳಿಯ ಪದರ ನೀಲಿಯನ್ನು ಚದುರಿಸಿ ಕೆಂಪನ್ನು ಮಾತ್ರ ಸುಲಭವಾಗಿ ಬಿಡುತ್ತದೆ. ಗ್ಯಾಲಕ್ಸಿಯ ದೂಳೂ ನೀಲಿಯನ್ನು ಜಾಸ್ತಿ, ಕೆಂಪನ್ನು ಕಡಿಮೆ ತಡೆಯುತ್ತದೆ. ದೂಳಿಲ್ಲದಿದ್ದರೆ ಹೈಡ್ರೋಜನ್‌ನ ಕೆಂಪು ಗೆರೆ ಅದರ 486.1ರ ನೀಲಿ ಗೆರೆಗಿಂತ ಸುಮಾರು 2.86 ಪಟ್ಟು ಪ್ರಖರವಾಗಿರಬೇಕು ಎಂದು ಪರಮಾಣುವಿನ ಲೆಕ್ಕವೇ ಹೇಳುತ್ತದೆ. ನಾಲ್ಕೋ ಐದೋ ಪಟ್ಟು ಬಂತು ಅನ್ನಿ, ನಡುವೆ ದೂಳಿದೆ. ಎಷ್ಟು ದೂಳಿದೆ ಎಂದೂ ಅದರಿಂದಲೇ ತಿಳಿದು, ಮರೆಯಾದ ಬೆಳಕನ್ನು ಲೆಕ್ಕಕ್ಕೆ ಸೇರಿಸುತ್ತಾರೆ. ಇಷ್ಟು ಸರಳವಾದ ಒಂದು ಭಾಗಾಕಾರ ಇಷ್ಟು ದೊಡ್ಡ ಕೆಲಸ ಮಾಡುತ್ತದಲ್ಲ ಎಂದು ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಎಕ್ಸ್‌ಪ್ರೆಸ್ ಬಸ್ಸಿನ ಹಾರ್ನ್

ಈಗ ಹುಡುಗನ ಪ್ರಶ್ನೆ. ಅರ್ಧ ಕೆಂಪು, ಅರ್ಧ ನೀಲಿ ಯಾಕೆ?

ಕಟಪಾಡಿಯಲ್ಲಿ ಹೆದ್ದಾರಿ ಬದಿ ನಿಂತುಕೊಳ್ಳಿ. ಮಂಗಳೂರಿನಿಂದ ಉಡುಪಿಗೆ ಹೋಗುವ ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಒತ್ತಿಕೊಂಡೇ ಬರುತ್ತದೆ. ಹತ್ತಿರ ಬರುವವರೆಗೆ ಸ್ವರ ಚೂಪು, ದಾಟಿದ ಕ್ಷಣಕ್ಕೆ ತಗ್ಗಿ ದಪ್ಪ ಆಗುತ್ತದೆ. ಹಾರ್ನ್ ಬದಲಾಗಿಲ್ಲ. ಬರುವಾಗ ಸದ್ದಿನ ಅಲೆಗಳು ಒತ್ತೊತ್ತಾಗಿ ಕಿವಿಗೆ ಬೀಳುತ್ತವೆ, ಹೋಗುವಾಗ ಬಿಡಿಬಿಡಿಯಾಗಿ. ಬಸ್ಸಿನ ವೇಗ ಗಂಟೆಗೆ 80 ಕಿ.ಮೀ. ಇದ್ದರೆ ಬರುವಾಗ ಸ್ವರ ಶೇಕಡಾ 7ರಷ್ಟು ಏರುತ್ತದೆ, ಹೋಗುವಾಗ ಶೇಕಡಾ 6ರಷ್ಟು ಇಳಿಯುತ್ತದೆ. ಅಂದರೆ ಎಷ್ಟು ಬದಲಾಯಿತು ಎಂದು ಅಳೆದರೆ ಬಸ್ಸಿನ ವೇಗ ಕಣ್ಣು ಮುಚ್ಚಿ ಹೇಳಬಹುದು. ಆಸ್ಟ್ರಿಯದ ಕ್ರಿಶ್ಚಿಯನ್ ಡಾಪ್ಲರ್ 1842ರಲ್ಲಿ ಮುಂದಿಟ್ಟ ವಿಚಾರ ಇದು, ಅದಕ್ಕೇ ಡಾಪ್ಲರ್ ಪರಿಣಾಮ ಎಂಬ ಹೆಸರು.

ಬೆಳಕಿಗೂ ಹೀಗೇ ಆಗುತ್ತದೆ. ನಮ್ಮ ಕಡೆ ಬರುವ ಅನಿಲದ ಗೆರೆ ನೀಲಿ ಕಡೆಗೆ ಸರಿಯುತ್ತದೆ, ದೂರ ಹೋಗುವ ಅನಿಲದ್ದು ಕೆಂಪು ಕಡೆಗೆ. ಆದರೆ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಅದರ ಮುಂದೆ ಅನಿಲದ ವೇಗ ಏನೇನೂ ಅಲ್ಲ. ಸೆಕೆಂಡಿಗೆ 200 ಕಿ.ಮೀ. ಓಡುವ ಅನಿಲದ ಕೆಂಪು ಗೆರೆ ಸರಿಯುವುದು ಬರೀ 0.44 ನ್ಯಾನೋಮೀಟರ್. 656.28 ಇದ್ದದ್ದು 656.72 ಆಗುತ್ತದೆ. ಕಣ್ಣಿಗೆ ಅದು ಅದೇ ಕೆಂಪು. ಉಪಕರಣಕ್ಕೆ ಮಾತ್ರ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಹಾಗಾಗಿ ಹುಡುಗ ತೋರಿಸಿದ ಚಿತ್ರದ ಕೆಂಪು ನೀಲಿ ಆ ಗ್ಯಾಲಕ್ಸಿಯ ನಿಜವಾದ ಬಣ್ಣ ಅಲ್ಲ, ಬಿಸಿ ತಣ್ಣಗಿನ ಗುರುತೂ ಅಲ್ಲ. ಅದು ವೇಗದ ನಕ್ಷೆ. ದೂರ ಹೋಗುವ ಜಾಗಕ್ಕೆ ಕೆಂಪು, ಹತ್ತಿರ ಬರುವ ಜಾಗಕ್ಕೆ ನೀಲಿ ಹಚ್ಚುವುದು ರೂಢಿ. ಅರ್ಧ ಕೆಂಪು ಅರ್ಧ ನೀಲಿ ಕಂಡರೆ ಗ್ಯಾಲಕ್ಸಿ ತಿರುಗುತ್ತಿದೆ ಎಂದರ್ಥ. ಯಕ್ಷಗಾನದಲ್ಲಿ ವೇಷಧಾರಿ ಗಿರ್ಕಿ ಹೊಡೆಯುವಾಗ ಎರಡೂ ಕೈ ಚಾಚಿಕೊಂಡಿದ್ದಾನೆ ಅಂತ ಇಟ್ಟುಕೊಳ್ಳಿ. ಎದುರಿಗೆ ಕೂತ ನಮಗೆ ಒಂದು ಕೈ ಮುಂದೆ ಬರುತ್ತದೆ, ಅದೇ ಹೊತ್ತಿಗೆ ಇನ್ನೊಂದು ಹಿಂದೆ ಹೋಗುತ್ತದೆ. ಅದೇ ರಂಗಸ್ಥಳದ ಮೇಲಿನಿಂದ ಇಣುಕಿದರೆ ಯಾವ ಕೈಯೂ ಹತ್ತಿರ ಬರುವುದಿಲ್ಲ, ದೂರವೂ ಹೋಗುವುದಿಲ್ಲ. ಗ್ಯಾಲಕ್ಸಿಯ ತಟ್ಟೆ ನಮಗೆ ಪೂರ್ತಿ ಎದುರಾಗಿ ಕಂಡರೂ ಹಾಗೇ, ತಿರುಗಾಟ ಗೆರೆಯಲ್ಲಿ ಕಾಣುವುದಿಲ್ಲ. ಡಾಪ್ಲರ್ ಹೇಳುವುದು ನಮ್ಮ ಕಡೆಗಿನ ಮತ್ತು ನಮ್ಮಿಂದಾಚೆಗಿನ ಓಟವನ್ನು ಮಾತ್ರ. ಹಾಗಾಗಿ ಗ್ಯಾಲಕ್ಸಿ ಎಷ್ಟು ವಾಲಿಕೊಂಡಿದೆ ಎಂದು ನೋಡಿ ಲೆಕ್ಕ ಸರಿಮಾಡಬೇಕಾಗುತ್ತದೆ.

ರೂಬಿನ್ ಅಂದರೆ ಯಾರು

ವೀಕ್ಷಣಾಲಯಕ್ಕೆ ಹೆಸರು ಕೊಟ್ಟ ವೆರಾ ರೂಬಿನ್ ಅಮೆರಿಕದ ಖಗೋಳವಿಜ್ಞಾನಿ. ಅವರು ಮಾಡಿದ ಕೆಲಸ ಅರ್ಥವಾಗಲು ಈಗ ಬೇಕಾದದ್ದೆಲ್ಲ ನಮ್ಮ ಕೈಯಲ್ಲಿದೆ.

ಅವರಿಗಿಂತ ಮೊದಲೇ, 1912ರಲ್ಲಿ, ಅಮೆರಿಕದ ವೆಸ್ಟೋ ಸ್ಲೈಫರ್ ನಮ್ಮ ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾದ ರೋಹಿತ ತೆಗೆದು ಅದು ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುತ್ತಿದೆ ಎಂದು ಕಂಡುಹಿಡಿದಿದ್ದರು. ರೂಬಿನ್ ಮತ್ತು ಅವರ ಸಹೋದ್ಯೋಗಿ ಕೆಂಟ್ ಫೋರ್ಡ್ ಅದೇ ಆಂಡ್ರೊಮಿಡಾದಲ್ಲಿ ನಕ್ಷತ್ರ ಹುಟ್ಟುತ್ತಿರುವ 67 ಗುಲಾಬಿ ಮೋಡಗಳನ್ನು ಆರಿಸಿ, ಒಂದೊಂದರ ರೋಹಿತವನ್ನೂ ಬೇರೆ ಬೇರೆ ತೆಗೆದರು. ಗ್ಯಾಲಕ್ಸಿಯ ನಡುವಿನಿಂದ ಅಂಚಿನವರೆಗೆ ಯಾವ ಮೋಡ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಅಳೆದರು. 1970ರಲ್ಲಿ ಅದು ಪ್ರಕಟವಾಯಿತು.

ಸೌರಮಂಡಲದಲ್ಲಿ ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿ.ಮೀ. ವೇಗದಲ್ಲಿ ಸುತ್ತುತ್ತದೆ, ದೂರದ ನೆಪ್ಚೂನ್ ಬರೀ 5.4. ಭಾರವೆಲ್ಲ ನಡುವಿನಲ್ಲಿದ್ದರೆ ಅಂಚಿನಲ್ಲಿರುವುದು ನಿಧಾನ ಆಗಲೇಬೇಕು. ಗ್ಯಾಲಕ್ಸಿಯಲ್ಲೂ ಬೆಳಕೆಲ್ಲ ನಡುವಿನಲ್ಲೇ ಜಾಸ್ತಿ, ಹಾಗಾಗಿ ಅಂಚಿನ ಮೋಡಗಳ ವೇಗ ಬಹಳ ಕುಸಿಯಬೇಕಿತ್ತು. ಆಂಡ್ರೊಮಿಡಾದಲ್ಲಿ ಅಷ್ಟು ಕುಸಿಯಲಿಲ್ಲ. ಬೇರೆ ಗ್ಯಾಲಕ್ಸಿಗಳನ್ನು ನೋಡುತ್ತಾ ಹೋದರು. 1980ರಲ್ಲಿ ನಾರ್ಬರ್ಟ್ ಥೊನಾರ್ಡ್ ಜತೆ ಸೇರಿ 21 ಸುರುಳಿ ಗ್ಯಾಲಕ್ಸಿಗಳ ಲೆಕ್ಕ ಮುಂದಿಟ್ಟಾಗ ಎಲ್ಲದರಲ್ಲೂ ಒಂದೇ ಕತೆ. ಅಂಚಿಗೆ ಹೋದರೂ ವೇಗ ಇಳಿಯುತ್ತಿಲ್ಲ. ಅಷ್ಟು ವೇಗದಲ್ಲಿ ಓಡುವ ಅನಿಲವನ್ನು ಚೆದುರಿಹೋಗದ ಹಾಗೆ ಹಿಡಿದಿಡಲು ಕಾಣುವ ನಕ್ಷತ್ರ, ಅನಿಲ ಎಲ್ಲ ಸೇರಿದರೂ ಸಾಲದು. ಕಾಣದ ಏನೋ ಒಂದು ಭಾರ ಇರಬೇಕು. ಕಪ್ಪುದ್ರವ್ಯ, ಡಾರ್ಕ್ ಮ್ಯಾಟರ್ ಎಂದು ನಾವು ಕೇಳುತ್ತೇವಲ್ಲ, ಅದಕ್ಕೆ ಗಟ್ಟಿ ಸಾಕ್ಷಿಯಾದ ಕೆಲಸಗಳಲ್ಲಿ ಇದು ಮುಖ್ಯವಾದದ್ದು. ಅದು ಎಂಥದು ಎಂದು ಈಗಲೂ ಯಾರಿಗೂ ಗೊತ್ತಿಲ್ಲ.

ಕೈಗೆ ಸಿಕ್ಕಿದ್ದು ಬರೀ ಗೆರೆ ಅರ್ಧ ನ್ಯಾನೋಮೀಟರ್ ಸರಿದದ್ದು. ಅದರಿಂದ ಇಷ್ಟು ದೂರ ಹೋದರು.

ಬಲೆಯ ಕಣ್ಣು

67 ಮೋಡ, 67 ರೋಹಿತ. ಆ ಕಾಲದಲ್ಲಿ ಹಾಗೆ ಒಂದೊಂದೇ ತೆಗೆಯಬೇಕಿತ್ತು, ಇಲ್ಲವೇ ಬಾಗಿಲ ಸಂದಿಯಿಂದ ಇಣುಕಿದ ಹಾಗೆ ಒಂದು ಉದ್ದ ಸೀಳಿನ ಮೂಲಕ ಗ್ಯಾಲಕ್ಸಿಯ ಒಂದು ಪಟ್ಟಿಯನ್ನು ಮಾತ್ರ ನೋಡಬೇಕಿತ್ತು. ಈಗಿನ ಉಪಕರಣಗಳು ಬಲೆ ಬೀಸುತ್ತವೆ. ಬಲೆಯ ಒಂದೊಂದು ಕಣ್ಣಿಗೂ ಗ್ಯಾಲಕ್ಸಿಯ ಒಂದೊಂದು ತುಣುಕು ಸಿಗುತ್ತದೆ, ಒಂದೊಂದು ತುಣುಕಿಗೂ ಬೇರೆಯೇ ರೋಹಿತ. ಚಿಲಿಯ ಪರನಾಲ್ ಬೆಟ್ಟದ ದೊಡ್ಡ ದೂರದರ್ಶಕದಲ್ಲಿರುವ ಮ್ಯೂಸ್ ಎಂಬ ಉಪಕರಣ ಒಂದೇ ಸಲಕ್ಕೆ ಸುಮಾರು 90,000 ರೋಹಿತ ತೆಗೆಯುತ್ತದೆ. ಅಮೆರಿಕದ ಮಂಗಾ ಎಂಬ ಸಮೀಕ್ಷೆ ಇದೇ ರೀತಿಯಲ್ಲಿ ಸುಮಾರು 10,000 ಗ್ಯಾಲಕ್ಸಿಗಳನ್ನು ನೋಡಿತು. ಹುಡುಗ ತೋರಿಸಿದಂಥ ವೇಗದ ನಕ್ಷೆ ಹುಟ್ಟುವುದು ಹೀಗೆ. ಪ್ರತಿ ಕಣ್ಣಿನಲ್ಲಿ ಕೆಂಪು ಗೆರೆ ಎಷ್ಟು ಸರಿದಿದೆ ನೋಡು, ಆ ಚುಕ್ಕಿಗೆ ಬಣ್ಣ ಹಚ್ಚು, ಮುಂದಿನದಕ್ಕೆ ಹೋಗು.

ನಮ್ಮ ರಾಜ್ಯಕ್ಕೂ ಇದರಲ್ಲಿ ಒಂದು ಕೊಂಡಿ ಇದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ 2 ಮೀಟರ್ ಕನ್ನಡಿಯ ಹಿಮಾಲಯನ್ ಚಂದ್ರ ದೂರದರ್ಶಕ ಇದೆ, ರೋಹಿತ ತೆಗೆಯುವ ಉಪಕರಣವೂ ಅದರಲ್ಲಿದೆ. ಅದನ್ನು ಉಪಗ್ರಹ ಸಂಪರ್ಕದ ಮೂಲಕ ನಡೆಸುವುದು ಬೆಂಗಳೂರು ಹತ್ತಿರದ ಹೊಸಕೋಟೆಯಲ್ಲಿ ಕೂತು.

ಗೆರೆ ದಪ್ಪ ಆದರೆ, ಸೀಳಿದರೆ

ಎಲ್ಲ ಅನಿಲವೂ ಸಾಲಾಗಿ ಒಂದೇ ವೇಗದಲ್ಲಿ ಹೋದರೆ ಗೆರೆ ತೆಳ್ಳಗೆ ಇರುತ್ತದೆ. ಸ್ವಲ್ಪ ಆ ಕಡೆ, ಸ್ವಲ್ಪ ಈ ಕಡೆ, ಕಡೆಗೋಲು ಹಾಕಿದ ಮಜ್ಜಿಗೆಯ ಹಾಗೆ ಕಲಕಿಹೋಗಿದ್ದರೆ ಒಂದೊಂದು ಪಾಲು ಒಂದೊಂದು ಕಡೆ ಸರಿದು ಗೆರೆ ದಪ್ಪ ಆಗುತ್ತದೆ. ನಮ್ಮ ಹತ್ತಿರದ ಶಾಂತ ಸುರುಳಿ ಗ್ಯಾಲಕ್ಸಿಗಳಲ್ಲಿ ಈ ಕಲಕಾಟ ಸೆಕೆಂಡಿಗೆ 20-25 ಕಿ.ಮೀ. ಸುಮಾರಿಗೆ ಇರುತ್ತದೆ. 1,000 ಕೋಟಿ ವರ್ಷಗಳ ಹಿಂದಿನ ಗ್ಯಾಲಕ್ಸಿಗಳಲ್ಲಿ ಇದು ಅದರ ಎರಡು ಪಟ್ಟೋ ಇನ್ನೂ ಜಾಸ್ತಿಯೋ ಇರುತ್ತದೆ. ಆ ಕಾಲದಲ್ಲಿ ವಿಶ್ವದಲ್ಲಿ ನಕ್ಷತ್ರಗಳು ಹುಟ್ಟುವ ವೇಗವೂ ಈಗಿನದ್ದಕ್ಕಿಂತ ಹತ್ತು ಪಟ್ಟಿನಷ್ಟಿತ್ತು.

ಕೆಲವು ಕಡೆ ಗೆರೆ ಎರಡಾಗಿ ಸೀಳಿಕೊಳ್ಳುತ್ತದೆ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಎಂ82 ಎಂಬ ಗ್ಯಾಲಕ್ಸಿ ಇದೆ. ಚುರುಟಿನ ಆಕಾರ. ಅದರ ನಡುವಿನಲ್ಲಿ ನಕ್ಷತ್ರಗಳು ಸಿಕ್ಕಾಪಟ್ಟೆ ವೇಗದಲ್ಲಿ ಹುಟ್ಟುತ್ತಿವೆ, ದೊಡ್ಡವು ಅಷ್ಟೇ ಬೇಗ ಸ್ಫೋಟಿಸಿ ಸಾಯುತ್ತಿವೆ. ಆ ಸ್ಫೋಟಗಳ ಒತ್ತಡಕ್ಕೆ ಅನಿಲ ಮೇಲಕ್ಕೂ ಕೆಳಕ್ಕೂ ಕೊಳವೆಯ ಹಾಗೆ ಚಿಮ್ಮುತ್ತಿದೆ. ಕೊಳವೆಯ ಮುಂದಿನ ಗೋಡೆ ನಮ್ಮ ಕಡೆ, ಹಿಂದಿನ ಗೋಡೆ ಆಚೆ ಕಡೆ. ಹಾಗಾಗಿ ಒಂದೇ ಜಾಗ ನೋಡಿದರೂ ಎರಡು ಗೆರೆ. ಅವುಗಳ ಅಂತರದಿಂದ ಅನಿಲ ಸೆಕೆಂಡಿಗೆ ನೂರಾರು ಕಿ.ಮೀ. ವೇಗದಲ್ಲಿ ಹೊರಗೆ ಹೋಗುತ್ತಿದೆ ಎಂದು ಗೊತ್ತಾಯಿತು.

ಅಂದರೆ ಗ್ಯಾಲಕ್ಸಿ ಮುಚ್ಚಿದ ಪೆಟ್ಟಿಗೆ ಅಲ್ಲ, ಅಳಿವೆಯ ಹಾಗೆ. ಬೆಂಗ್ರೆಯ ಹತ್ತಿರ ನೇತ್ರಾವತಿ ಮತ್ತು ಗುರುಪುರ ನದಿ ಕಡಲು ಸೇರುವಲ್ಲಿ ಉಬ್ಬರಕ್ಕೆ ನೀರು ಒಳಗೆ ನುಗ್ಗುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ. ಗ್ಯಾಲಕ್ಸಿಗೂ ಹೊರಗಿನಿಂದ ತಣ್ಣನೆಯ ಅನಿಲ ಬಂದು ಸೇರುತ್ತದೆ, ಒಳಗಿನದ್ದು ಸ್ಫೋಟಗಳಿಂದ ಹೊರಗೆ ಹೋಗುತ್ತದೆ. ಒಳಗೆ ಉಳಿದದ್ದರಲ್ಲಿ ನಕ್ಷತ್ರ.

ಒಂದು ಎಚ್ಚರಿಕೆ ಬೇಕು. ಕೆಂಪು ಗೆರೆ ಹೊಳೆಯಲು ಹೊಸ ನಕ್ಷತ್ರವೇ ಆಗಬೇಕೆಂದಿಲ್ಲ. ಗ್ಯಾಲಕ್ಸಿಯ ನಡುವಿನ ದೈತ್ಯ ಕಪ್ಪುಕುಳಿಯ ಸುತ್ತಲಿನ ಬಿಸಿ ತಟ್ಟೆಯೂ ಅನಿಲವನ್ನು ಎಬ್ಬಿಸಬಲ್ಲದು. ಆಗ ಪಕ್ಕದಲ್ಲೇ ಇರುವ ನೈಟ್ರೋಜನ್‌ನ 658.3ರ ಗೆರೆ ಮತ್ತು ಆಮ್ಲಜನಕದ 500.7ರ ಹಸಿರು ಗೆರೆ ಜೋರಾಗಿರುತ್ತವೆ. ಅವುಗಳನ್ನು ಹೈಡ್ರೋಜನ್ ಗೆರೆಯ ಜತೆ ಹೋಲಿಸಿದರೆ ಕೆಲಸ ಯಾರದ್ದೆಂದು ಹೆಚ್ಚಿನ ಸಲ ತಿಳಿಯುತ್ತದೆ.

ಭತ್ತ, ಅಕ್ಕಿ, ಅನ್ನ

ಕೆಂಪು ಗೆರೆ ತೋರಿಸುವುದು ಈಗಾಗಲೇ ಹುಟ್ಟಿದ ನಕ್ಷತ್ರವನ್ನು. ಇನ್ನು ಮುಂದೆ ಹುಟ್ಟಲು ಸಾಮಾನು ಎಷ್ಟಿದೆ ಎಂದು ತಿಳಿಯಲು ರೇಡಿಯೋ ಅಲೆಗಳಿಗೆ ಹೋಗಬೇಕು.

ಮನೆಯಲ್ಲಿ ಭತ್ತ ಇದ್ದ ಮಾತ್ರಕ್ಕೆ ಊಟ ಆಗುವುದಿಲ್ಲ. ಬೇಯಿಸಿ ಒಣಗಿಸಿ ಮಿಲ್ಲಿಗೆ ಹಾಕಿ ಕುಚ್ಚಲಕ್ಕಿ ಮಾಡಬೇಕು, ಆಮೇಲೆ ಅನ್ನ. ಗ್ಯಾಲಕ್ಸಿಯಲ್ಲಿ ಬಿಡಿ ಪರಮಾಣುಗಳಾಗಿ ಹರಡಿಕೊಂಡ ಹೈಡ್ರೋಜನ್ ಭತ್ತದ ಹಾಗೆ. ಅದು ದಟ್ಟವಾಗಿ, ಮೈನಸ್ 260 ಡಿಗ್ರಿ ಆಸುಪಾಸಿಗೆ ತಣ್ಣಗಾಗಿ, ಎರಡೆರಡು ಪರಮಾಣು ಸೇರಿ ಅಣುವಾದರೆ ಅಕ್ಕಿ. ಆ ತಣ್ಣನೆಯ ಮೋಡ ತನ್ನದೇ ಭಾರಕ್ಕೆ ಕುಸಿದಾಗ ನಕ್ಷತ್ರ. ತಣ್ಣಗಿರಲೇಬೇಕು, ಯಾಕೆಂದರೆ ಬಿಸಿ ಅನಿಲದ ಒತ್ತಡ ಕುಸಿಯಲು ಬಿಡುವುದಿಲ್ಲ.

ಭತ್ತ ಅಳೆಯಲು ಒಂದು ಗೆರೆ ಇದೆ, 21 ಸೆಂಟಿಮೀಟರ್ ಅಲೆಯುದ್ದದ್ದು. ಇಂಥದ್ದೊಂದು ಸಿಗಬೇಕು ಎಂದು ನೆದರ್ಲೆಂಡ್ಸಿನ ವಾನ್ ಡೆ ಹುಲ್ಸ್ಟ್ 1944ರಲ್ಲಿ ಹೇಳಿದ್ದರು. 1951ರಲ್ಲಿ ಹಾರ್ವರ್ಡಿನ ಯೂವೆನ್ ಮತ್ತು ಪರ್ಸೆಲ್ ಅದನ್ನು ಹಿಡಿದರು. ಪುಣೆ ಹತ್ತಿರ ಖೋಡದ್‌ನಲ್ಲಿರುವ 45 ಮೀಟರ್ ಅಗಲದ 30 ತಟ್ಟೆಗಳ ರೇಡಿಯೋ ದೂರದರ್ಶಕ ಗ್ಯಾಲಕ್ಸಿಗಳಲ್ಲಿ ಹುಡುಕುವ ಮುಖ್ಯ ಗೆರೆಗಳಲ್ಲಿ ಇದೂ ಒಂದು. ಅಕ್ಕಿ ಅಳೆಯುವುದು ಕಷ್ಟ. ತಣ್ಣನೆಯ ಹೈಡ್ರೋಜನ್ ಅಣು ತಾನಾಗಿ ಗೆರೆ ಕೊಡುವುದೇ ಇಲ್ಲ ಎನ್ನಬಹುದು. ನಮ್ಮ ಮೀನುಗಾರರು ಕಡಲ ಮೇಲೆ ಹಕ್ಕಿಗಳು ಮುತ್ತಿಕೊಂಡದ್ದು ನೋಡಿ ಕೆಳಗೆ ಮೀನಿದೆ ಎಂದು ತಿಳಿಯುತ್ತಾರಲ್ಲ, ಹಾಗೆ ಅದರ ಜತೆಗಿರುವ ಕಾರ್ಬನ್ ಮಾನಾಕ್ಸೈಡಿನ 2.6 ಮಿಲಿಮೀಟರ್ ಗೆರೆ ನೋಡಿ ಲೆಕ್ಕ ಹಾಕುತ್ತಾರೆ.

ಈ ಅಕ್ಕಿಯ ಲೆಕ್ಕವನ್ನೂ ಕೆಂಪು ಗೆರೆ ಹೇಳುವ ನಕ್ಷತ್ರ ಹುಟ್ಟಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟರೆ, ಅಂದರೆ ಇರುವ ಅಕ್ಕಿಯನ್ನು ದಿನದ ಖರ್ಚಿನಿಂದ ಭಾಗಿಸಿದರೆ, ಹತ್ತಿರದ ಸುರುಳಿ ಗ್ಯಾಲಕ್ಸಿಗಳಲ್ಲಿ ಈಗಿರುವ ಅಣು ಅನಿಲ ಸುಮಾರು 200 ಕೋಟಿ ವರ್ಷಕ್ಕೆ ಮುಗಿಯಬೇಕು. ಆದರೆ ಅವು ಅದಕ್ಕಿಂತ ಎಷ್ಟೋ ಪಟ್ಟು ಹಳೆಯವು, ಇನ್ನೂ ನಕ್ಷತ್ರ ಹುಟ್ಟಿಸುತ್ತಲೇ ಇವೆ. ಹೊರಗಿನಿಂದ ಹೊಸ ಅನಿಲ ಬರುತ್ತಲೇ ಇರಬೇಕು ಎಂದು ವಿಜ್ಞಾನಿಗಳು ಹೇಳಲು ಇದೂ ಒಂದು ಕಾರಣ. ಹೊರಗೆ ಚಿಮ್ಮುವುದನ್ನು ಹಿಡಿಯುವುದು ಸುಲಭ, ಎಂ82ರ ಹಾಗೆ ಹೊಳೆಯುತ್ತದೆ. ಒಳಗೆ ಬರುವುದು ತಣ್ಣಗೆ, ತೆಳ್ಳಗೆ, ಮಂಕಾಗಿ ಬರುತ್ತದೆ. ಅದನ್ನು ಹುಡುಕುವುದು ಈ ವಿಷಯದಲ್ಲಿ ಸದ್ಯ ನಡೆಯುತ್ತಿರುವ ದೊಡ್ಡ ಕೆಲಸಗಳಲ್ಲಿ ಒಂದು.

ಮಳೆ ಬಿಟ್ಟ ಮೇಲೆ

ಲಗೂನ್ ನೀಹಾರಿಕೆಯನ್ನು ಇಲ್ಲಿಂದಲೇ ನೋಡಬಹುದು. ಅಕ್ಟೋಬರಿನಲ್ಲಿ ಆಕಾಶ ತೊಳೆದ ಹಾಗೆ ಇರುವ ಒಂದು ಸಂಜೆ, ಚಂದ್ರ ಇಲ್ಲದ ದಿನ, ಏಳೂವರೆ ಹೊತ್ತಿಗೆ ಮಟ್ಟು ಕಡಲತೀರಕ್ಕೆ ಹೋಗಿ. ನೈಋತ್ಯ ದಿಕ್ಕಿನಲ್ಲಿ ಕಡಲಿನಿಂದ ಸಾಕಷ್ಟು ಮೇಲೆ ಧನು ರಾಶಿ ಇರುತ್ತದೆ, ಅದರ ನಕ್ಷತ್ರಗಳು ಚಹಾದ ಕೆಟಲ್ ಆಕಾರದಲ್ಲಿ ಕಾಣುತ್ತವೆ. ಕೆಟಲಿನ ಮೂತಿಯ ಸ್ವಲ್ಪ ಮೇಲೆ ಬೈನಾಕ್ಯುಲರ್ ಹಿಡಿದರೆ ಒಂದು ಸಣ್ಣ ಬಿಳಿ ಮಬ್ಬು ಸಿಗುತ್ತದೆ. ಗುಲಾಬಿ ಕಾಣುವುದಿಲ್ಲ. ಆದರೆ ಕೆಲವು ಸಾವಿರ ವರ್ಷ ಪ್ರಯಾಣ ಮಾಡಿ ಆ ಹೊತ್ತಿಗೆ ನಮ್ಮ ಕಣ್ಣಿಗೆ ಬೀಳುವ ಬೆಳಕಿನಲ್ಲಿ 656.28 ಇದ್ದೇ ಇರುತ್ತದೆ. ಅಕ್ಕ ಮತ್ತು ಹುಡುಗ ಇಬ್ಬರೂ ಬರುತ್ತೇವೆ ಎಂದಿದ್ದಾರೆ, ಹೂ ಕಟ್ಟಿ ಮಲ್ಲಿಗೆ ಕೊಳ್ಳುವ ಕಟ್ಟೆಗೆ ಕೊಟ್ಟಾದ ಮೇಲೆ.